ಓಡದ ದಿನ ಏನು ಮಾಡ್ತೀರಿ?

ಮೈಸೂರಿನ ಫಿಸಿಯೋ ಮೇಡಂ ನನ್ನ ಕಾಲಿನ ಎಂಆರ್‌ಐ ರಿಪೋರ್ಟನ್ನು ಒಂದು ಸಲ ಓದಿ ಪಕ್ಕಕ್ಕಿಟ್ಟರು. ವಾರಕ್ಕೆ ಎಷ್ಟು ಕಿಲೋಮೀಟರ್, ಯಾವ ಶೂ, ಯಾವ ರಸ್ತೆ ಎಂದೆಲ್ಲ ಕೇಳುತ್ತಾರೆ ಅಂತ ನಾನು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಬೇರೆ.

"ಓಡದ ದಿನ ಏನು ಮಾಡ್ತೀರಿ ಸಾರ್?"

"ರೆಸ್ಟ್ ಮೇಡಂ. ವಾರಕ್ಕೆ ಮೂರು ದಿನ ಪೂರ್ತಿ ರೆಸ್ಟ್."

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಇವರದ್ದು ರೆಸ್ಟಾ? ಬೆಳಿಗ್ಗೆ ಏಳಕ್ಕೆ ಗಂಬೂಟು ಹಾಕ್ಕೊಂಡು ತೋಟಕ್ಕೆ ಇಳಿದ್ರೆ, ಕಣದಿಂದ ಮನೆಗೆ ಬರೋದು ಕತ್ತಲಾದ ಮೇಲೆ."

ಮೇಡಂ ನನ್ನ ಫೋನ್ ಇಸ್ಕೊಂಡು ಡಿಸೆಂಬರ್ ತಿಂಗಳು ತೆಗೆದು ನೋಡಿದರು. ಒಂದು ಮಂಗಳವಾರ, ನನ್ನ ಪ್ರಕಾರ ರೆಸ್ಟ್ ದಿನ, ಹೆಜ್ಜೆ 21,000 ದಾಟಿತ್ತು. ಅದೂ ಸಮತಟ್ಟಾದ ನೆಲದಲ್ಲಲ್ಲ, ತೋಟದ ಇಳಿಜಾರಿನಲ್ಲಿ, ಗಂಬೂಟಿನಲ್ಲಿ. ಫೋನನ್ನು ವಾಪಸ್ ಕೊಟ್ಟು, "ನೀವು ವಾರಕ್ಕೆ ಏಳು ದಿನ ಟ್ರೈನಿಂಗ್ ಮಾಡಿದ್ದೀರಿ ಸಾರ್. ನಾಲ್ಕು ದಿನದ್ದು ಮಾತ್ರ ಬರೆದಿಟ್ಟಿದ್ದೀರಿ" ಅಂದರು.

ಇದು ನಾಲ್ಕು ವರ್ಷದ ಹಿಂದಿನ ಮಾತು. ಆಗ ನನಗೆ ನಲವತ್ತೆರಡು. ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಸ್ವಲ್ಪ ಅರೇಬಿಕಾ, ಜಾಸ್ತಿ ರೋಬಸ್ಟಾ, ಮರಕ್ಕೆ ಹಬ್ಬಿಸಿದ ಮೆಣಸು. ಶುಗರ್ ಬಾರ್ಡರ್‌ನಲ್ಲಿದೆ ಎಂದು ಡಾಕ್ಟರ್ ಹೆದರಿಸಿದ ಮೇಲೆ ಓಡಲು ಶುರು ಮಾಡಿದವನು ನಾನು. ಮೊದಲು ತೋಟದ ಗೇಟಿನಿಂದ ಬಸ್‌ಸ್ಟಾಪಿನವರೆಗೆ. ಆಮೇಲೆ ಹುಚ್ಚು ಹಿಡಿಯಿತು.

ಆ ವರ್ಷ ಫೆಬ್ರವರಿಯಲ್ಲಿ ಒಂದು ಅರ್ಧ ಮ್ಯಾರಥಾನ್ ಓಡಬೇಕು ಅಂತ ತೀರ್ಮಾನ ಮಾಡಿದ್ದೆ. ಮಳೆ ಕಡಿಮೆಯಾಗಿ, ಕೈಲ್‌ಪೊಳ್ದ್ ಹಬ್ಬ ಮುಗಿದ ಮಾರನೇ ದಿನ, ಸೆಪ್ಟೆಂಬರ್ 4ರಂದು ಶುರು. ವಾರಕ್ಕೆ 16 ಕಿಲೋಮೀಟರ್. ವಾರದಿಂದ ವಾರಕ್ಕೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಏರಿಸಬಾರದು ಎಂಬ ನಿಯಮವನ್ನು ದೇವರ ಮಾತಿನ ಹಾಗೆ ಪಾಲಿಸಿದೆ. ನವೆಂಬರ್ ಮಧ್ಯಕ್ಕೆ 36 ಕಿಲೋಮೀಟರ್. ಕಾಲು ಚೆನ್ನಾಗಿತ್ತು. ಆಮೇಲೆ ಅರೇಬಿಕಾ ಕುಯ್ಲು ಬಂತು.

ಕುಯ್ಲಿನ ಸಮಯ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಆಳುಗಳನ್ನು ಸಾಲಿಗೆ ಬಿಡಬೇಕು. ಗಿಡದಲ್ಲಿ ಹಣ್ಣು ಉಳಿದಿದೆಯಾ ಅಂತ ಹಿಂದೆ ಹಿಂದೆ ಹೋಗಿ ನೋಡಬೇಕು. ಸಂಜೆ ತೂಕ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಒಣಗಿಸುವ ಕಣ. ನನ್ನ ಓಟದ ಪುಸ್ತಕದಲ್ಲಿ ಇದ್ಯಾವುದೂ ಇರಲಿಲ್ಲ. ಇದು ಕೆಲಸ, ಅದು ವ್ಯಾಯಾಮ. ತಲೆಯಲ್ಲಿ ಎರಡಕ್ಕೂ ಬೇರೆ ಬೇರೆ ಖಾತೆ. ಕಾಲಿಗೆ ಇರುವುದು ಒಂದೇ ಖಾತೆ ಅಂತ ಹೊಳೆಯಲಿಲ್ಲ.

ಡಿಸೆಂಬರ್ ಎರಡನೇ ವಾರ ಬಲಗಾಲಿನ ಕಣಕಾಲಿನ ಒಳಭಾಗ, ಪಾದದ ಗಂಟಿಗಿಂತ ಒಂದು ಗೇಣು ಮೇಲೆ, ಸಣ್ಣಗೆ ನೋಯತೊಡಗಿತು. ಮೊದಲಿಗೆ ಎರಡು ಕಿಲೋಮೀಟರ್ ಓಡಿದರೆ ಹೋಗುತ್ತಿತ್ತು. ಆಮೇಲೆ ಹೋಗುವುದು ನಿಂತಿತು. ಕೊನೆಗೆ ರಾತ್ರಿ ಮಲಗಿದಾಗಲೂ ನೋವು. ಊರಿನ ಕಡೆ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿದೆ. ಏನೂ ಇಲ್ಲ, ಬರೀ ಸ್ನಾಯು ನೋವು ಅಂದರು. ಮಾತ್ರೆ ಕೊಟ್ಟರು. ಮಾತ್ರೆ ನುಂಗಿ ಇನ್ನೂ ಎರಡು ವಾರ ಓಡಿದೆ. ಇವತ್ತಿಗೂ ಬೇಸರವಾಗುವುದು ಆ ಎರಡು ವಾರದ ಬಗ್ಗೆ. ಮೂಳೆಗೆ ಬಿದ್ದ ಪೆಟ್ಟು ಶುರುವಿನ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು ಅಂತ ನನಗೆ ಆಮೇಲೆ ತಿಳಿಯಿತು.

ಮೇಡಂ ಒಂದು ಸುಲಭದ ಪರೀಕ್ಷೆ ಹೇಳಿಕೊಟ್ಟರು. ಮೂಳೆಯ ಅಂಚಿನ ಉದ್ದಕ್ಕೂ ಬೆರಳಿನಿಂದ ಒತ್ತುತ್ತಾ ಹೋಗಿ. ನಾಲ್ಕೈದು ಬೆರಳಗಲ ಹರಡಿಕೊಂಡು ನೋಯುತ್ತಿದ್ದರೆ ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್ಸ್, ಅಂದರೆ ಓಟ ಜಾಸ್ತಿಯಾಗಿ ಕಣಕಾಲಿನ ಮೂಳೆಯ ಅಂಚಿಗೆ ಬರುವ ನೋವು. ಒಂದೇ ಬೆರಳು ಇಡುವಷ್ಟು ಜಾಗದಲ್ಲಿ ಚುಚ್ಚಿದ ಹಾಗೆ ನೋವು, ಅದೂ ರಾತ್ರಿಯಲ್ಲೂ ಇದೆ ಅಂದರೆ ಓಟ ಅವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ನನ್ನದು ಎರಡನೆಯದು. ಎಂಆರ್‌ಐ ಪ್ರಕಾರ ಸ್ಟ್ರೆಸ್ ರಿಯಾಕ್ಷನ್. ಮೂಳೆ ಬಿರುಕು ಬಿಟ್ಟಿರಲಿಲ್ಲ, ಬಿಡುವ ಹಾದಿಯಲ್ಲಿತ್ತು.

ಮೂಳೆಯ ಕೆಲಸ ಹೇಗೆ ನಡೆಯುತ್ತದೆ ಅಂತ ಅವರು ಬಿಡಿಸಿ ಹೇಳಿದ್ದು ನನಗೆ ತುಂಬಾ ಉಪಯೋಗಕ್ಕೆ ಬಂತು. ಮೂಳೆಯ ಮೇಲೆ ಭಾರ ಜಾಸ್ತಿಯಾದರೆ ದೇಹ ಅದನ್ನು ಗಟ್ಟಿ ಮಾಡಲು ಹೊರಡುತ್ತದೆ. ಆದರೆ ಮೊದಲು ಹಳೆಯದನ್ನು ಕೆರೆದು ತೆಗೆಯುತ್ತದೆ, ಹೊಸದನ್ನು ತುಂಬುವುದು ಆಮೇಲೆ. ಕೆರೆಯುವುದು ಕೆಲವೇ ವಾರದ ಕೆಲಸ, ತುಂಬುವುದಕ್ಕೆ ತಿಂಗಳುಗಟ್ಟಲೆ ಬೇಕು. ಈ ನಡುವೆ ಮೂಳೆ ಮೊದಲಿಗಿಂತ ಸ್ವಲ್ಪ ದುರ್ಬಲ. ಗೋಡೆಯ ಹಳೇ ಗಾರೆ ಕಿತ್ತು ಹೊಸದು ಹಾಕುವುದರ ಮಧ್ಯೆ ಮಳೆ ಬಂದ ಹಾಗೆ. ಉಸಿರಾಟ ಬೇಗ ಸುಧಾರಿಸುತ್ತದೆ, ಸ್ನಾಯುವೂ ಬೇಗ ಹೊಂದಿಕೊಳ್ಳುತ್ತದೆ. ಹಾಗಾಗಿ ನವೆಂಬರಿನಲ್ಲಿ ನಾನು ಕುದುರೆ ಅಂದುಕೊಂಡಿದ್ದೆ. ಮೂಳೆ ಮಾತ್ರ ಇನ್ನೂ ಸೆಪ್ಟೆಂಬರಿನಲ್ಲೇ ಇತ್ತು.

ಹತ್ತು ಪರ್ಸೆಂಟ್ ನಿಯಮದ ಬಗ್ಗೆ ಆಮೇಲೆ ಸ್ವಲ್ಪ ಓದಿದೆ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ 532 ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ನೋಡಿದ್ದಾರೆ, 2008ರಲ್ಲಿ ಪ್ರಕಟವಾದ ಅಧ್ಯಯನ. ಒಂದು ಗುಂಪು ಇದೇ ಹತ್ತು ಪರ್ಸೆಂಟ್ ಲೆಕ್ಕದಲ್ಲಿ 13 ವಾರ ನಿಧಾನಕ್ಕೆ ಏರಿಸಿತು, ಇನ್ನೊಂದು ಮಾಮೂಲಿ ರೀತಿಯಲ್ಲಿ 8 ವಾರ. ಗಾಯವಾದವರು ಎರಡೂ ಕಡೆ ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು. ಹಾಗಂತ ದಿಢೀರ್ ಏರಿಸಬಹುದು ಅಂತ ಅರ್ಥ ಅಲ್ಲ. ಹತ್ತು ಪರ್ಸೆಂಟ್ ಯಾವುದರ ಮೇಲೆ ಅನ್ನುವುದು ನನ್ನ ಪ್ರಶ್ನೆ. ನಾನು ಓಟದ ಮೇಲೆ ಹತ್ತು ಹಾಕುತ್ತಿದ್ದೆ. ಕುಯ್ಲು ಶುರುವಾದ ವಾರ ಕಾಲಿನ ಮೇಲೆ ಬಿದ್ದದ್ದು ಎಷ್ಟು ಪಟ್ಟೋ ಏನೋ.

ಆರು ವಾರ ಓಟ ಬಂದ್. ತೋಟಕ್ಕೂ ಇಳಿಯುವಂತಿಲ್ಲ. ತೂಕ ಮತ್ತು ಕಣದ ಕೆಲಸ ಮಾತ್ರ, ಅದೂ ಕುರ್ಚಿ ಹಾಕಿಕೊಂಡು. ಅವ್ವನಿಗೆ ಖುಷಿ, ಮಗ ಕೊನೆಗೂ ಕಣ್ಣೆದುರು ಕೂತ ಅಂತ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಕಷ್ಟ, ಏಕೆಂದರೆ ನಾನು ಕೂತಲ್ಲಿಂದಲೇ ಎಲ್ಲದಕ್ಕೂ ತಕರಾರು ತೆಗೆಯುತ್ತಿದ್ದೆ.

ಕೂತು ಕೂತು ಮಾಡಿದ ಒಂದು ಒಳ್ಳೆಯ ಕೆಲಸ, ಹಳೇ ಚೆಕ್‌ರೋಲ್ ಪುಸ್ತಕವೊಂದನ್ನು ನನ್ನ ಓಟದ ಪುಸ್ತಕ ಮಾಡಿಕೊಂಡದ್ದು. ಆಳುಗಳ ಹಾಜರಿ ಬರೆಯುವ ಪುಸ್ತಕ. ಅದರಲ್ಲಿ ಪೂರ್ತಿ ದಿನ, ಅರ್ಧ ದಿನ, ರಜೆ ಅಂತ ಇರುತ್ತದಲ್ಲ, ಅದನ್ನೇ ಕಾಲಿಗೆ ಹಾಕಿದೆ. ಹತ್ತು ಕಿಲೋಮೀಟರ್ ಓಟ ಪೂರ್ತಿ ದಿನ. ನಾಲ್ಕೈದು ಕಿಲೋಮೀಟರ್ ನಿಧಾನದ ಓಟ ಅರ್ಧ. ಕುಯ್ಲಿನ ಸಾಲಿನ ಹಿಂದೆ ದಿನವಿಡೀ ಓಡಾಡಿದ್ದು ಪೂರ್ತಿ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಮಾಡಿಸುವಾಗ ನಿಂತು ನೋಡಿದ್ದು ಅರ್ಧ. ಸ್ಪ್ರಿಂಕ್ಲರ್ ಪೈಪ್ ಎತ್ತಿ ಜೋಡಿಸಿದ್ದು, ಕೇಳಲೇಬೇಡಿ, ಪೂರ್ತಿ. ವಾರಕ್ಕೆ ಐದಕ್ಕಿಂತ ಜಾಸ್ತಿ ಆಗಬಾರದು. ಎರಡು ಪೂರ್ತಿ ಒಂದರ ಹಿಂದೆ ಒಂದು ಬರಬಾರದು. ಇದು ವಿಜ್ಞಾನ ಅಲ್ಲ, ನನ್ನ ಅಂದಾಜು. ಆದರೆ ನಿಮ್ಮ ಕೆಲಸ ಯಾವುದೇ ಇರಲಿ, ನಿಂತೇ ಪಾಠ ಮಾಡುವ ಟೀಚರ್, ರೌಂಡ್ಸ್ ಹೋಗುವ ನರ್ಸ್, ಅದನ್ನು ಓಟದ ಜೊತೆಗೇ ಒಂದೇ ಪುಟದಲ್ಲಿ ಬರೆದು ನೋಡಿ.

ಅದೇ ಪುಟದಲ್ಲಿ ಬೆಳಿಗ್ಗೆ ಏಳುವ ಮೊದಲಿನ ನಾಡಿಬಡಿತವನ್ನೂ ಬರೆಯುತ್ತೇನೆ. ನನ್ನದು ಮಾಮೂಲಿಗೆ 56 ಆಸುಪಾಸು. ಒಂದು ದಿನ 64 ಇದ್ದರೆ ಜ್ವರ ಬರುವುದಿದೆ, ಇಲ್ಲ ನಿದ್ದೆ ಕೆಟ್ಟಿದೆ, ಇಲ್ಲ ಹಿಂದಿನ ರಾತ್ರಿ ಮದುವೆ ಮನೆಯಲ್ಲಿದ್ದೆ. ನಮ್ಮ ಕಡೆ ಮದುವೆ ಅಂದರೆ ಗೊತ್ತಲ್ಲ. ವಾಲಗ ಶುರುವಾದರೆ ಕುಣಿಯದೆ ಇರಲು ಆಗುವುದಿಲ್ಲ, ಲೋಟವೂ ಖಾಲಿ ಇರುವುದಿಲ್ಲ. ಮೊದಲು ನಾನು ಶನಿವಾರ ರಾತ್ರಿ ಒಂದು ಗಂಟೆವರೆಗೆ ಕುಣಿದು ಭಾನುವಾರ ಬೆಳಿಗ್ಗೆ ಲಾಂಗ್ ರನ್ ಹೋಗುತ್ತಿದ್ದೆ. ಈಗ ವಾಲಗಕ್ಕೂ ಚೆಕ್‌ರೋಲಿನಲ್ಲಿ ಅರ್ಧ ದಿನ.

ಇನ್ನೊಂದು ತಪ್ಪು ಇಳಿಜಾರು. ಕೊಡಗಿನಲ್ಲಿ ಸಮತಟ್ಟು ರಸ್ತೆ ಹುಡುಕುವುದೇ ಒಂದು ಕೆಲಸ. ಹತ್ತುವುದು ಕಷ್ಟ, ಇಳಿಯುವುದು ಸುಲಭ ಅಂದುಕೊಂಡು ಇಳಿಜಾರಿನಲ್ಲಿ ಜೋರಾಗಿ ಬಿಡುತ್ತಿದ್ದೆ. ಹತ್ತುವಾಗ ಏದುಸಿರು ಬರುತ್ತದೆ, ಆದರೆ ಕಾಲಿಗೆ ಬೀಳುವ ಪೆಟ್ಟು ಕಡಿಮೆ. ಇಳಿಯುವಾಗ ಉಸಿರು ಆರಾಮ, ಪೆಟ್ಟು ಜಾಸ್ತಿ. ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಅದಕ್ಕೇ ಆ ನೋವು ಅವತ್ತು ಗೊತ್ತಾಗುವುದಿಲ್ಲ, ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ.

ನಾನು ಕಂಡುಕೊಂಡ ಉಪಾಯ ಬಸ್ಸು. ತಿಂಗಳಿಗೆ ಎರಡು ಸಲ ಸುಂಟಿಕೊಪ್ಪದಿಂದ ಬೋಯಿಕೇರಿ ದಾಟಿ ಮಡಿಕೇರಿ ಕಡೆಗೆ ಹತ್ತುತ್ತೇನೆ. ಬರುವಾಗ ಬಸ್ಸು. ಕಂಡಕ್ಟರ್ ಮೊದಮೊದಲು ಬೆವರಿನ ಶರ್ಟ್ ನೋಡಿ ಮೂಗು ಮುರಿಯುತ್ತಿದ್ದ, ಈಗ ಹಿಂದಿನ ಸೀಟು ತೋರಿಸುತ್ತಾನೆ. ಸಮತಟ್ಟು ಬೇಕಾದರೆ ಸ್ಕೂಟರಿನಲ್ಲಿ ಕುಶಾಲನಗರಕ್ಕೆ ಇಳಿದು, ಹಾರಂಗಿ ಕಾವೇರಿಯನ್ನು ಸೇರುವ ಕೂಡಿಗೆ ಕಡೆ ಓಡುತ್ತೇನೆ. ಬೆಳಕು ಹರಿಯುವ ಮೊದಲು ಆನೆಕಾಡಿನ ರಸ್ತೆಗೆ ಹೋಗುವುದಿಲ್ಲ. ಇಂಜುರಿ ತಪ್ಪಿಸುವುದು ಅಂದರೆ ನಮ್ಮಲ್ಲಿ ಆನೆಯೂ ಸೇರಿತು.

ಮಾರ್ಚ್‌ನಲ್ಲಿ, ಅರ್ಧ ಗಂಟೆ ನಡೆದರೂ ವಾರವಿಡೀ ನೋವಿಲ್ಲ ಅಂತ ಆದ ಮೇಲೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ದಿನ ಬಿಟ್ಟು ದಿನ. ಮೂಳೆಯ ನೋವು ಚೂರು ಬಂದರೂ ಅವತ್ತಿಗೆ ನಿಲ್ಲಿಸಿ ಮನೆಗೆ. ಇದರಲ್ಲಿ ಮೇಡಂ ಕಟ್ಟುನಿಟ್ಟು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನ ನೋವಾದರೆ, ಅಂದರೆ ಅಕಿಲಿಸ್, ಸ್ವಲ್ಪ ರಿಯಾಯಿತಿ ಇದೆ. ಓಡುವಾಗ ಸಣ್ಣ ನೋವಿದ್ದು ಮಾರನೇ ಬೆಳಿಗ್ಗೆಗೆ ಮೊದಲಿನಂತಾದರೆ ಮುಂದುವರಿಸಬಹುದು. ಎಲ್ಲ ನೋವಿಗೂ ಒಂದೇ ಕಾನೂನು ಹಾಕುವುದು ನನ್ನ ಹಳೇ ಚಾಳಿ.

ಏಪ್ರಿಲ್ ಬಂತು. ಏಪ್ರಿಲ್ ಅಂದರೆ ಹಾಕಿ. ಕರಡದಲ್ಲಿ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನಮಗೆ ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ನಮ್ಮ ಕುಟುಂಬದ ಟೀಮಿಗೆ ಒಬ್ಬ ಕಡಿಮೆ ಇದ್ದ. ನಾನು ಆಗ ಮೂರು ನಿಮಿಷ ಓಡಿ ಒಂದು ನಿಮಿಷ ನಡೆಯುವ ಹಂತದಲ್ಲಿದ್ದೆ. ಹಾಕಿಯಲ್ಲಿ ತಟ್ಟನೆ ನಿಲ್ಲಬೇಕು, ತಿರುಗಬೇಕು, ಮತ್ತೆ ಜಿಗಿಯಬೇಕು. ಆಗಲ್ಲ ಅಂದೆ. ಅಪ್ಪನ ತಮ್ಮ ಎಲ್ಲರ ಎದುರಿಗೆ, "ಹೆದ್ದಾರಿಯಲ್ಲಿ ಚಡ್ಡಿ ಹಾಕ್ಕೊಂಡು ಓಡೋಕೆ ಕಾಲಿದೆ, ಕುಟುಂಬಕ್ಕೆ ಆಡೋಕೆ ಕಾಲಿಲ್ವಾ?" ಅಂದುಬಿಟ್ಟರು. ಆರು ವಾರ ಕುರ್ಚಿಯಲ್ಲಿ ಕೂತದ್ದಕ್ಕಿಂತ ಆ ಮಾತು ಕಷ್ಟವಾಯಿತು. ಆಡಲಿಲ್ಲ. ಟೀಮು ಮೊದಲ ಪಂದ್ಯದಲ್ಲೇ ಸೋತಿತು. ಅದೂ ನನ್ನ ತಲೆಗೇ ಬಂತು.

ಮಳೆಗಾಲವನ್ನು ಈಗ ಬೇರೆ ರೀತಿ ಕಳೆಯುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ರಸ್ತೆಯಲ್ಲಿ ಪಾಚಿ, ತೋಟದಲ್ಲಿ ಜಿಗಣೆ. ಓಟ ವಾರಕ್ಕೆ ಎರಡೇ ದಿನ. ಉಳಿದದ್ದು ಜಗಲಿಯ ಮೆಟ್ಟಿಲ ಮೇಲೆ. ಒಂದು ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದು, 15ರಂತೆ ಮೂರು ಸಲ. ಮಂಡಿ ನೇರ ಇಟ್ಟು ಒಮ್ಮೆ, ಸ್ವಲ್ಪ ಮಡಚಿ ಒಮ್ಮೆ. ಮಡಚಿದಾಗ ಮೀನಖಂಡದ ಒಳಗಿನ ಸ್ನಾಯುವಿಗೆ ಕೆಲಸ ಜಾಸ್ತಿ, ಓಡುವಾಗ ಕಣಕಾಲನ್ನು ಕಾಯುವುದರಲ್ಲಿ ಅದರ ಪಾಲು ದೊಡ್ಡದು. ಸುಲಭವಾದ ಮೇಲೆ ಬೆನ್ನಿಗೆ ಚೀಲ. ಮೊದಲು ಚೀಲಕ್ಕೆ ಹತ್ತು ಕಿಲೋ ಮೆಣಸು ತುಂಬಿದ್ದೆ. ಮೆಣಸಿನ ರೇಟು ನೋಡಿದ ಹೆಂಡತಿ ಅದನ್ನು ಸುರಿಸಿ ಅಕ್ಕಿ ತುಂಬಿಸಿದಳು.

ಒದ್ದೆ ಶೂವನ್ನು ಬಚ್ಚಲ ಒಲೆಯ ಹತ್ತಿರ ಇಡಬೇಡಿ. ಗೋಂದು ಬಿಟ್ಟು ಅಟ್ಟೆ ಕೈಗೆ ಬರುತ್ತದೆ. ಹಳೇ ಪೇಪರ್ ತುರುಕಿಟ್ಟರೆ ಸಾಕು.

ಅರ್ಧ ಮ್ಯಾರಥಾನ್ ಕೊನೆಗೂ ಓಡಿದೆ, ಮುಂದಿನ ನವೆಂಬರಿನಲ್ಲಿ, ಕುಯ್ಲಿಗೆ ಮೊದಲು. ಎರಡು ಗಂಟೆ ಹನ್ನೊಂದು ನಿಮಿಷ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಮೈಸೂರಿನ ರಸ್ತೆ ಚಪ್ಪಟೆಯಾಗಿತ್ತು.

ಈಗ ಜನವರಿ. ರೋಬಸ್ಟಾ ಹಣ್ಣಾಗಿದೆ, ಆಳು ಸಿಗುತ್ತಿಲ್ಲ, ನಾನೂ ಸಾಲಿಗೆ ಇಳಿದಿದ್ದೇನೆ. ಚೆಕ್‌ರೋಲಿನಲ್ಲಿ ಈ ವಾರ ಗುರುವಾರಕ್ಕೇ ನಾಲ್ಕೂವರೆ ಆಗಿದೆ, ಅದರಲ್ಲಿ ಓಟ ಅರ್ಧ ಮಾತ್ರ. ಎಡಗಾಲಿನ ಹಿಮ್ಮಡಿ ಬೆಳಿಗ್ಗೆ ಏಳುವಾಗ ಸ್ವಲ್ಪ ಬಿಗಿ ಇತ್ತು, ಅದನ್ನೂ ಬರೆದಿದ್ದೇನೆ. ಭಾನುವಾರ ಕೂಡಿಗೆಗೆ ಹೋಗಬೇಕು ಅಂತಿತ್ತು. ಶೂ ತೊಳೆದು ಅಟ್ಟಕ್ಕೆ ಹಾಕಿದೆ.