ಸರ್ಕಾರಿ ಶಾಲೆಯಲ್ಲಿ ಮಗುವಿನ ಹಕ್ಕಿಗೆ ಧಕ್ಕೆಯಾದರೆ ದೂರು ಕೊಡುವುದು ಹೇಗೆ?

ಒಂದೇ ಜಾತಿಯ ಮಕ್ಕಳನ್ನು ಕರೆದು ಶೌಚಾಲಯ ತೊಳೆಸುವುದು, ಬಿಸಿಯೂಟಕ್ಕೆ ಅವರನ್ನು ಬೇರೆ ಸಾಲಿನಲ್ಲಿ ಕೂರಿಸುವುದು, ಕೋಲಿನಿಂದ ಹೊಡೆಯುವುದು, ಟಿ.ಸಿ. ಇಲ್ಲವೆಂದು ಬಾಗಿಲಿನಿಂದಲೇ ವಾಪಸ್ ಕಳಿಸುವುದು. ಇವೆಲ್ಲ ಕಾನೂನಿನ ಉಲ್ಲಂಘನೆ. ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು 2023ರ ಡಿಸೆಂಬರಿನಲ್ಲಿ ವಿಡಿಯೊ ಸಮೇತ ಬಯಲಾದಾಗ ಪ್ರಾಂಶುಪಾಲರ ಬಂಧನವೇ ಆಯಿತು. ಬಹುತೇಕ ಪ್ರಕರಣಗಳಲ್ಲಿ ವಿಡಿಯೊ ಇರುವುದಿಲ್ಲ. ಪೋಷಕರು ಹೆಡ್‌ಮಾಸ್ಟರ ಬಳಿ ಬಾಯಿಮಾತಿನಲ್ಲಿ ಹೇಳಿ ಬರುತ್ತಾರೆ, ಆ ಮಾತಿಗೆ ದಾಖಲೆಯೇ ಉಳಿಯುವುದಿಲ್ಲ. ಹೆಚ್ಚಿನ ದೂರುಗಳು ಬಿದ್ದುಹೋಗುವುದು ಇಲ್ಲೇ.

ಮೊದಲ ಹೆಜ್ಜೆ, ಯಾವ ಕಾನೂನು ಅನ್ವಯಿಸುತ್ತದೆಂದು ಗುರುತಿಸುವುದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಅದರ ಕಲಂ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಟಿ.ಸಿ. ತಡವಾಯಿತೆಂದಾಗಲಿ (ಕಲಂ 5), ವಯಸ್ಸಿನ ದಾಖಲೆ ಇಲ್ಲವೆಂದಾಗಲಿ (ಕಲಂ 14) ಪ್ರವೇಶ ನಿರಾಕರಿಸುವಂತಿಲ್ಲ. ಒಂಬತ್ತು, ಹತ್ತನೇ ತರಗತಿಯ ಮಕ್ಕಳ ವಿಚಾರದಲ್ಲಿ ಈ ಕಾಯ್ದೆಯನ್ನಷ್ಟೇ ನಂಬಬೇಡಿ. ಮಕ್ಕಳ ಮೇಲಿನ ಕ್ರೌರ್ಯಕ್ಕೆ ಬಾಲನ್ಯಾಯ ಕಾಯ್ದೆ 2015ರ ಕಲಂ 75 ಇದೆ, ಅದು 18 ವರ್ಷದವರೆಗೂ ಅನ್ವಯ.

ಜಾತಿಯ ವಿಚಾರ ಬಂದರೆ ದಾರಿ ಬೇರೆ. ಅಸ್ಪೃಶ್ಯತೆಯ ನೆಪದಲ್ಲಿ ಶಾಲೆಗಾಗಲಿ ಹಾಸ್ಟೆಲ್‌ಗಾಗಲಿ ಸೇರಿಸದಿರುವುದು, ಸೇರಿಸಿಕೊಂಡ ಮೇಲೆ ಭೇದ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಕಲಂ 5ರಡಿ ಅಪರಾಧ: ಒಂದರಿಂದ ಆರು ತಿಂಗಳ ಸೆರೆ, ಜೊತೆಗೆ ದಂಡ. ಇದರಲ್ಲೇ ಕಲಂ 12 ಇದೆ, ಪೋಷಕರು ಇದನ್ನು ಮರೆಯಬಾರದು. ಪರಿಶಿಷ್ಟ ಜಾತಿಯ ಮಗುವಿನ ಮೇಲೆ ಅಂಥ ಕೃತ್ಯ ನಡೆದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದೆಂದು ನ್ಯಾಯಾಲಯ ಭಾವಿಸಬೇಕು. ಹಾಗಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಜಾತಿ ನಿಂದನೆಯಂಥ ಕೃತ್ಯಗಳಿಗೆ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯೂ ಇದೆ.

ಎರಡನೆಯದು ಬರವಣಿಗೆ, ಅದೂ ಅಂದೇ. ‘ನಮ್ಮ ಮಗುವಿಗೆ ತುಂಬಾ ತೊಂದರೆ ಕೊಡುತ್ತಿದ್ದಾರೆ’ ಎಂದು ಬರೆದರೆ ವಿಚಾರಣೆಗೆ ಹಿಡಿಯಲು ಏನೂ ಇರುವುದಿಲ್ಲ. ‘ಜುಲೈ 14ರಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಆರನೇ ತರಗತಿಯ ಶಿಕ್ಷಕರು ಈ ಮೂವರನ್ನು ಮಾತ್ರ ಕರೆದು ಶೌಚಾಲಯ ತೊಳೆಯಲು ಹೇಳಿದರು, ತರಗತಿಯ ಉಳಿದವರು ಒಳಗಿದ್ದರು’ ಎಂದು ಬರೆಯಿರಿ. ದಿನ, ಹೊತ್ತು, ಜಾಗ, ಆಡಿದ ಮಾತು, ಕಂಡವರು ಇವಿಷ್ಟು ಸಾಕು. ಬೈಗುಳವನ್ನು ಮಗು ಹೇಳಿದ ಹಾಗೆಯೇ ಬರೆಯಿರಿ, ನಯಗೊಳಿಸಬೇಡಿ. ಆದರೆ ಮಗುವನ್ನು ಪದೇ ಪದೇ ಕೆದಕಿ ಕೇಳಬೇಡಿ: ಹೇಳಿಕೆ ಪ್ರತಿ ಸಲ ಸ್ವಲ್ಪ ಬದಲಾಗುತ್ತದೆ, ಮಗುವೂ ಕುಗ್ಗುತ್ತದೆ. ಗಾಯವಾಗಿದ್ದರೆ ಅಂದೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಚೀಟಿ ಇಟ್ಟುಕೊಳ್ಳಿ. ಮಗುವಿನ ಫೋಟೊ, ಹೆಸರನ್ನು ವಾಟ್ಸ್‌ಆ್ಯಪ್‌ ಗುಂಪಿಗೆ ಎಂದಿಗೂ ಹಾಕಬೇಡಿ. ನೊಂದ ಮಗುವಿನ ಗುರುತು ಬಯಲುಮಾಡುವುದೂ ಅಪರಾಧವೇ.

ದೂರನ್ನು ಹೆಡ್‌ಮಾಸ್ಟರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ), ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಬರೆದು, ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೂ ಪಂಚಾಯಿತಿ ಅಥವಾ ನಗರಸಭೆಗೂ ಪ್ರತಿ ಕಳಿಸಿ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 32ರ ಪ್ರಕಾರ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಎಸ್‌ಡಿಎಂಸಿ ಕೈಚೆಲ್ಲಿದರೂ ನಿರಾಶರಾಗಬೇಡಿ, ಊರಿನ ಮುಲಾಜು ಅಲ್ಲಿಯೂ ಇರುತ್ತದೆ. ಮಗು ಅಪಾಯದಲ್ಲಿದ್ದರೆ ಇದಾವುದಕ್ಕೂ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಜಾತಿ ದೌರ್ಜನ್ಯವಾದರೆ ನೇರ ಪೊಲೀಸ್ ಠಾಣೆಗೆ ಹೋಗಿ. ‘ಮೊದಲು ವಿಚಾರಿಸಿ ನೋಡುತ್ತೇವೆ’ ಎಂದರೆ, ದೌರ್ಜನ್ಯ ತಡೆ ಕಾಯ್ದೆಯ ಕಲಂ 18ಎ ಪ್ರಕಾರ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು ತಿಳಿಸಿ. ಬಾಯಲ್ಲಿ ಹೇಳಿದ್ದನ್ನು ಅವರು ಬರೆದುಕೊಂಡರೆ, ಸಹಿಗೆ ಮುನ್ನ ಓದಿ ಹೇಳಬೇಕು. ಕೇಳದೆ ಸಹಿ ಹಾಕಬೇಡಿ. ಎಫ್‌ಐಆರ್ ಪ್ರತಿ ಉಚಿತ. ಎಫ್‌ಐಆರ್ ದಾಖಲಿಸಲು ನಿರಾಕರಿಸಿದರೆ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಬರೆಯಿರಿ.

ಇಲಾಖೆಯಿಂದ ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಉದ್ದ ಬರೆದು ತಿರಸ್ಕೃತವಾದ ಅರ್ಜಿಗಳು ಎಷ್ಟೋ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ. ‘ಈ ದಿನಾಂಕದ ನನ್ನ ದೂರಿನ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಕೇಳಿ.

ದೂರು ಕೊಟ್ಟ ಮೇಲೆ ‘ಟಿ.ಸಿ. ತಗೊಂಡು ಹೋಗಿ’ ಎಂಬ ಬೆದರಿಕೆ ಬರಬಹುದು. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಹೊರಹಾಕುವಂತಿಲ್ಲ (ಶಿಕ್ಷಣ ಹಕ್ಕು ಕಾಯ್ದೆ, ಕಲಂ 16). ಮಗುವನ್ನು ಶಾಲೆಗೆ ಕಳಿಸುತ್ತಲೇ ಇರಿ, ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದಿದ್ದಾರೆಯೇ ಎಂದು ವಾರಕ್ಕೊಮ್ಮೆ ವಿಚಾರಿಸಿ. ಬೆದರಿಕೆ ಹಾಕಿದವರ ಮಾತು, ದಿನಾಂಕ ಬರೆದು ಅಂದೇ ಇನ್ನೊಂದು ದೂರು ಕೊಡಿ.