ಹೊಸಬರಿಗೆ ಮಾರ್ಗದರ್ಶಿ: ಅಪೆರೊಗೆ ಕರೆದ್ರೆ ಏನ್ ಕುಡಿಯೋದು, ಏನ್ ತಗೊಂಡ್ ಹೋಗೋದು

ಫ್ರಾನ್ಸಿನ ಗ್ರೆನೋಬಲ್‌ಗೆ ಬಂದು ಒಂದೆರಡು ತಿಂಗಳಾಗ್ತಿದ್ದ ಹಾಗೇ ಆಫೀಸಿನೋರೋ ಪಕ್ಕದ ಮನೆಯೋರೋ ಅಪೆರೊಗೆ ಬನ್ನಿ ಅಂತ ಕರೀತಾರೆ. ಅಪೆರೊ ಅಂದ್ರೆ ಅಪೆರಿಟೀಫ್, ರಾತ್ರಿ ಊಟಕ್ಕೆ ಮುಂಚೆ ಒಂದು ಗ್ಲಾಸು, ಜೊತೆಗೆ ಆಲಿವ್, ಕಡ್ಲೆಕಾಯಿ ಬೀಜ, ಚಿಪ್ಸು. ಊಟ ಇರಲ್ಲ. ನಮ್ ಕಡೆ ಸಂಜೆ ಏಳಕ್ಕೆ ಮನೆಗೆ ಕರೆದು ಊಟ ಹಾಕದೆ ಕಳಿಸೋ ಮಾತೇ ಇಲ್ವಲ್ಲ, ನಾವೂ ಅದೇ ಲೆಕ್ಕದಲ್ಲಿ ಮೊದಲ ಸಲ ಮಕ್ಕಳಿಗೂ ಏನೂ ತಿನ್ನಿಸದೆ ಹೋಗಿದ್ವಿ, ಎಂಟೂವರೆಗೆ ಎಲ್ಲರೂ ಎದ್ದು ಹೊರಟ್ರು, ಟ್ರಾಮ್‌ನಲ್ಲಿ ಚಿಕ್ಕೋನು ಹಸಿವು ಹಸಿವು ಅಂತ ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 'ಅಪೆರೊ ದಿನಾತ್ವಾರ್' ಅಂತ ಕರೆದ್ರೆ ಮಾತ್ರ ತಿಂಡಿಯಲ್ಲೇ ಊಟ ಮುಗಿಯತ್ತೆ. ಮನೆಗೆ ಏಳಕ್ಕೆ ಕರೆದಿದ್ರೆ ಏಳೂ ಹತ್ತಕ್ಕೆ, ಏಳೂಕಾಲಿಗೆ ಹೋಗಿ. ಎಂಟಕ್ಕೆ ಹೋಗಿ ಕನ್ನಡದೋರು ಇಷ್ಟೇ ಅನ್ನಿಸ್ಕೋಬೇಡಿ ದಯವಿಟ್ಟು.

ಕುಡಿಯದೇ ಇರೋರು ಮೊದ್ಲು ಇದನ್ನ ಓದಿ

ನನ್ನ ಹೆಂಡ್ತಿ ಮದ್ಯ ಮುಟ್ಟೋಳಲ್ಲ. ಬಂದ ಹೊಸದ್ರಲ್ಲಿ ಒಬ್ರ ಮನೇಲಿ ಕೆಂಪಗೆ, ತಣ್ಣಗೆ, ನೋಡಿದ್ರೆ ದ್ರಾಕ್ಷಿ ಜ್ಯೂಸ್ ತರಹ ಒಂದು ಗ್ಲಾಸ್ ಕೈಗೆ ಕೊಟ್ರು, 'ಕೀರ್' ಅಂದ್ರು, ಇವ್ಳಿಗೆ ಖೀರು ಅಂತ ಕೇಳಿಸ್ತು. ಸಿಹಿಯಾಗಿತ್ತು, ಅರ್ಧ ಕುಡಿದಾದ್ಮೇಲೆ ಗಂಟಲು ಬಿಸಿ ಆಗಿ ಗೊತ್ತಾಯ್ತು. ಮನೆಗೆ ಬಂದು ದೇವರ ಮುಂದೆ ಕೂತು ಅತ್ಲು. ಕೊಟ್ಟೋರ ತಪ್ಪೇನಿಲ್ಲ, ನಾವು ಹೇಳಿರಲಿಲ್ಲ, ಅವ್ರಿಗೆ ಗೊತ್ತಾಗೋದಾದ್ರೂ ಹೇಗೆ. ಕೀರ್ ಅಂದ್ರೆ ಬಿಳಿ ವೈನ್‌ಗೆ 'ಕ್ರೆಮ್ ದ ಕಾಸಿಸ್' ಬೆರೆಸಿದ್ದು, 1945ರಿಂದ 1968ರವರೆಗೆ ದಿಜೋನ್ ಮೇಯರ್ ಆಗಿದ್ದ ಪಾದ್ರಿ ಫೆಲಿಕ್ಸ್ ಕೀರ್ ಬಂದೋರಿಗೆಲ್ಲ ಇದನ್ನೇ ಕೊಡ್ತಿದ್ರು, ಅವರ ಹೆಸರೇ ನಿಂತುಬಿಡ್ತು. ಕ್ರೆಮ್ ಅಂದ ತಕ್ಷಣ ಹಾಲಿನ ಕೆನೆ ಅನ್ಕೋಬೇಡಿ. ಅದು ಬ್ಲ್ಯಾಕ್‌ಕರಂಟ್ ಹಣ್ಣಿನ, ಸಕ್ಕರೆ ತುಂಬ ಇರೋ ಲಿಕರ್ (ಸಿಹಿ ಮದ್ಯ), ಲೀಟರಿಗೆ 400 ಗ್ರಾಂಗಿಂತ ಕಮ್ಮಿ ಸಕ್ಕರೆ ಇದ್ರೆ ಕ್ರೆಮ್ ದ ಕಾಸಿಸ್ ಅನ್ನೋ ಹಾಗೇ ಇಲ್ಲ, ಆಲ್ಕೋಹಾಲ್ ಕಮ್ಮಿ ಅಂದ್ರೂ ಶೇ. 15. ಶುಗರ್ ಇರೋರೂ ಗಮನಿಸಿ.

ಅದಕ್ಕೇ ಬಾಗಿಲಲ್ಲೇ ನಗ್ತಾ ಹೇಳ್ಬಿಡಿ, 'ಸಾಂಜ್ ಆಲ್ಕೋಲ್, ಸಿಲ್ ವು ಪ್ಲೇ', ಅಂದ್ರೆ ಆಲ್ಕೋಹಾಲ್ ಇಲ್ಲದ್ದು ಕೊಡಿ ದಯವಿಟ್ಟು ಅಂತ. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಬೇಜಾರಾಗೋದು ನಾವು ಬೇಡ ಬೇಡ ಅಂತ ಖಾಲಿ ಕೈಯಲ್ಲಿ ಕೂತಾಗ, ಯಾಕಂದ್ರೆ ಎಲ್ಲರ ಕೈಗೂ ಗ್ಲಾಸ್ ಬರೋವರೆಗೆ ಇಲ್ಲಿ ಯಾರೂ ಕುಡಿಯೋಕೆ ಶುರು ಮಾಡಲ್ಲ, ಎಲ್ಲರೂ ನಿಮಗೋಸ್ಕರ ಕಾಯ್ತಾ ಇರ್ತಾರೆ. ನೀರೇ ಆಗ್ಲಿ, ಒಂದು ಗ್ಲಾಸ್ ಹಿಡ್ಕೊಳ್ಳಿ, ಕಣ್ಣಲ್ಲಿ ಕಣ್ಣಿಟ್ಟು 'ಸಾಂತೆ' (ಚಿಯರ್ಸ್) ಅನ್ನಿ.

ಗ್ರೆನೋಬಲ್ ಕಡೆಯದ್ದೇ ಒಳ್ಳೊಳ್ಳೆ ಆಯ್ಕೆ ಇದೆ. ತೆಸ್ಸೇರ್ ಸಿರಪ್ 1720ರಲ್ಲಿ ಗ್ರೆನೋಬಲ್‌ನಲ್ಲೇ ಶುರುವಾದ ಕಂಪನಿಯದ್ದು, ಪುದೀನ ಅಥವಾ ದಾಳಿಂಬೆ ಬಣ್ಣದ ಗ್ರೆನಾದಿನ್ ಕೇಳಿ. ಸಿರಪ್‌ಗೆ 'ಲಿಮೊನಾದ್' ಹಾಕಿದ್ರೆ 'ದಿಯಾಬೊಲೊ', ಮಕ್ಕಳಿಗೆ ತುಂಬಾ ಇಷ್ಟ. ಲಿಮೊನಾದ್ ಅಂದ್ರೆ ಸೋಡಾ ತರಹದ ಪಾನೀಯ, ನಮ್ಮ ನಿಂಬೆಹಣ್ಣಿನ ಪಾನಕ ಬೇಕಿದ್ರೆ 'ಸಿತ್ರೋಂ ಪ್ರೆಸ್ಸೆ'. ನನಗೆ ಎಲ್ಲಕ್ಕಿಂತ ಇಷ್ಟ ಪಕ್ಕದ ವ್ವಾರೋಂ ಊರಿನ ಆಂತೆಸಿತ್, 1890ರಿಂದ ಇದೆ, ಅತಿಮಧುರದ ಸಾರ, ಒಂದು ಲೋಟ ತಣ್ಣೀರಿಗೆ ಕೆಲವೇ ಹನಿ, ಬಾಯಿಗೆ ಇಟ್ಕೊಂಡ್ರೆ ಅಜ್ಜಿ ಕೆಮ್ಮಿಗೆ ಕೊಡ್ತಿದ್ದ ಅತಿಮಧುರದ ಕಡ್ಡಿ ನೆನಪಾಗತ್ತೆ.

ಮೋಸ ಹೋಗೋ ಹೆಸರುಗಳು: ಪನಾಶೆ (ಬಿಯರ್ ಇರತ್ತೆ), ಸೀದ್ರ್ ದೂ (ಸೇಬಿನ ಪಾನೀಯ, ಸಿಹಿ ಆದ್ರೂ ಆಲ್ಕೋಹಾಲ್ ಇದೆ), ಬಾಬಾ ಓ ರೋಮ್ (ಕೇಕು, ರಮ್‌ನಲ್ಲಿ ನೆನೆಸಿದ್ದು). ಸಸ್ಯಾಹಾರಿಗಳು ತಪೆನಾದ್‌ನಲ್ಲಿ ಏನಿದೆ ಅಂತ ಕೇಳಿ ತಿನ್ನಿ, ಆಲಿವ್ ಚಟ್ನಿ ತರಹ ಕಾಣತ್ತೆ, ಸಾಮಾನ್ಯವಾಗಿ ಮೀನು ಅರೆದಿರ್ತಾರೆ.

ಕುಡಿಯೋರಿಗೆ

ಇದು ನಮ್ಮ ವೀಕೆಂಡ್ ಪಾರ್ಟಿ ಅಲ್ಲ. ಒಂದು, ಹೆಚ್ಚಂದ್ರೆ ಎರಡು ಗ್ಲಾಸು. ನೈಂಟಿ, ಒನ್ ಏಟಿ ಲೆಕ್ಕ ಇಲ್ಲಿಗೆ ತರ್ಬೇಡಿ, ಬಾಟಲಿ ಖಾಲಿ ಮಾಡಿ ಏಳೋ ಅಭ್ಯಾಸ ಇಲ್ಲಿ ತುಂಬಾ ಅಸಹ್ಯವಾಗಿ ಕಾಣತ್ತೆ.

ಪಾಸ್ತಿಸ್ (ಸೋಂಪಿನ ವಾಸನೆಯ ಮದ್ಯ) ಒಂದನ್ನ ಕಲ್ತ್ಕೊಳ್ಳಿ. ರಿಕಾರ್ ಅಂದ್ರೂ ಅದೇ ಜಾತಿ, ಆಲ್ಕೋಹಾಲ್ ಶೇ. 45, ನೀರು ಬೆರೆಸದೆ ಯಾರೂ ಕುಡಿಯಲ್ಲ. ಎರಡು ಸೆಂಟಿಲೀಟರ್ ಹಾಕಿ, ಐದು ಪಟ್ಟು ತಣ್ಣೀರು ಹಾಕಿ, ಜೇನಿನ ಬಣ್ಣ ಇದ್ದಿದ್ದು ನೋಡ್ತಾ ನೋಡ್ತಾ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗತ್ತೆ, ರೂಮೆಲ್ಲ ಬಡೇಸೋಪಿನ ವಾಸನೆ. ಐಸ್ ಕೊನೆಗೆ. ಮೊದ್ಲೇ ಐಸ್ ಹಾಕಿದ್ರೆ ಅದರಲ್ಲಿರೋ ಎಣ್ಣೆ ಅಂಶ ಹರಳುಗಟ್ಟತ್ತೆ.

ಉಳಿದಿದ್ದು ಹೀಗೆ:
ಸಿಹಿ ಬೇಕಾ: ಪಿನೋ ದೆ ಶಾರಾಂತ್, ಮಸ್ಕಾ, ಕ್ಲೆರೆತ್ ದ ದಿ (ಮೂರೂ ದ್ರಾಕ್ಷಿಯಿಂದ ಮಾಡಿದ್ದು).
ಕಹಿ ಬೇಕಾ: ಸೂಜ್ (ಜೆಂಶಿಯನ್ ಅನ್ನೋ ಗಿಡದ ಬೇರಿಂದ ಮಾಡಿದ್ದು).
ನಮ್ಮ ಜಿಲ್ಲೆಯದ್ದು: ವ್ಯಾಂ ದ ನ್ವಾ, ಅಕ್ರೋಟ್ ಹಾಕಿದ ವೈನು.

ಲಿಕರ್ ಊಟ ಆದ್ಮೇಲೆ

ನಮ್ಮ ಊರಿನ ಲಿಕ್ಕರ್ ಶಾಪಿನ ಲಿಕ್ಕರ್ ಬೇರೆ, ಇಲ್ಲಿನ ಲಿಕರ್ ಬೇರೆ. ಇದು ಸಿಹಿ, ಚಿಕ್ಕ ಗ್ಲಾಸಲ್ಲಿ ನಿಧಾನಕ್ಕೆ. ಶಾರ್ತ್ರೂಜ್ ನಮ್ಮ ಪಕ್ಕದ ಬೆಟ್ಟದ ಸನ್ಯಾಸಿಗಳದ್ದು, 130 ಗಿಡಮೂಲಿಕೆ, ಹಸಿರಿನದ್ದು ಶೇ. 55, ಹಳದಿಯದ್ದು ಅದಕ್ಕಿಂತ ಮೆತ್ತಗೆ. ಸನ್ಯಾಸಿಗಳು ಉತ್ಪಾದನೆ ಹೆಚ್ಚಿಸಲ್ಲ ಅಂತ ನಿರ್ಧಾರ ಮಾಡಿರೋದ್ರಿಂದ ಹುಡುಕಿದ ಕೂಡ್ಲೇ ಸಿಗಲ್ಲ, ಸಿಕ್ಕಿದ್ರೆ ಬಿಡ್ಬೇಡಿ. ಪಕ್ಕದ ಮನೆ ಅಜ್ಜ ತಾನೇ ಮಾಡಿದ ಜೆನೆಪಿ (ಬೆಟ್ಟದ ಗಿಡದ ಲಿಕರ್) ಕೊಟ್ರೆ ಅದು ಪ್ರೀತಿ ಅಂತ ತಿಳ್ಕೊಳ್ಳಿ, 40 ಕಡ್ಡಿ ಗಿಡ, 40 ಸಕ್ಕರೆ ಗಡ್ಡೆ, 40 ದಿನ ನೆನೆಸಿ ಮಾಡಿರ್ತಾರೆ, ಕುಡಿಯಲ್ಲ ಅಂದ್ರೂ ಮೂಸಿ ನೋಡಿ ಒಂದು ಒಳ್ಳೆ ಮಾತಾಡಿ.

ಗಾಡಿ, ಬಾಟಲಿ

ಗಾಡಿ ಓಡಿಸೋರ ರಕ್ತದಲ್ಲಿ ಆಲ್ಕೋಹಾಲ್ ಲೀಟರಿಗೆ 0.5 ಗ್ರಾಂ ಮುಟ್ಟಿದ್ರೆ ತಪ್ಪು. ಇಲ್ಲಿ ಹೊಸದಾಗಿ ಲೈಸೆನ್ಸ್ ತಗೊಂಡ ಪ್ರೊಬೇಶನ್‌ನೋರಿಗೆ 0.2, ಅಂದ್ರೆ ಒಂದು ಗ್ಲಾಸೂ ಇಲ್ಲ. ಟ್ರಾಮ್ ಹಿಡೀರಿ.

ಬರಿಗೈಯಲ್ಲಿ ಹೋಗ್ಬೇಡಿ. ನಿಪ್ಪಟ್ಟು, ಕೋಡುಬಳೆ ಒಯ್ದ್ರೆ ಆಲಿವ್‌ಗಿಂತ ಬೇಗ ಖಾಲಿ ಆಗತ್ತೆ, ಖಾರ ಸ್ವಲ್ಪ ಕಮ್ಮಿ ಹಾಕಿ. ವಿಸ್ಕಿ ಇಷ್ಟ ಪಡೋರಿಗೆ ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಕೊಡಿ, 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆ ಆಗಿದ್ದು, ಸ್ಕಾಟ್ಲೆಂಡಿನೋರ ಎದುರಿಗೇ ಇಟ್ಟು ಗೆದ್ದ ಮಾಲು, ಧೈರ್ಯವಾಗಿ ಕೊಡಿ. ಊರಿಂದ ತರೋದಾದ್ರೆ ದೊಡ್ಡೋರಿಗೆ ತಲಾ ಒಂದೇ ಲೀಟರ್ ಸ್ಪಿರಿಟ್‌ಗೆ ಸುಂಕ ಇಲ್ಲ. ಇಲ್ಲಿಂದ ಊರಿಗೆ ಎರಡು ಲೀಟರ್, ಪಂಚೆಯಲ್ಲಿ ಸುತ್ತಿ ಚೆಕ್‌ಇನ್ ಸೂಟ್‌ಕೇಸಿನ ಮಧ್ಯದಲ್ಲಿ ಇಡಿ.