ಮೆಕ್ಸಿಕೊದ ಕಡಲೂರಿನಿಂದ ಗುಂಡಿನ ಸುದ್ದಿ ಬಂದಾಗ: ಅಳೆಯುವುದು ಹೇಗೆ, ನಿರ್ಧರಿಸುವುದು ಹೇಗೆ

"ಕಡಲತೀರದಲ್ಲಿ ಗುಂಡಿನ ದಾಳಿ, ಪ್ರವಾಸೋದ್ಯಮಕ್ಕೆ ಪೆಟ್ಟು." ಇಂಥ ತಲೆಬರಹದಲ್ಲಿ ಎರಡು ಹೇಳಿಕೆಗಳಿರುತ್ತವೆ. ಅಲ್ಲಿಗೆ ಹೋಗುವವರಿಗೆ ಅಪಾಯವಿದೆ ಎಂಬುದು ಒಂದು. ಅಲ್ಲಿಗೆ ಬರುವವರು ಕಡಿಮೆಯಾಗಿದ್ದಾರೆ ಎಂಬುದು ಇನ್ನೊಂದು. ಎರಡಕ್ಕೂ ಪುರಾವೆ ಸಿಗುವ ಜಾಗ ಬೇರೆ ಬೇರೆ. ಹೋಟೆಲುಗಳು ತುಂಬಿರುವ ಊರಿನಲ್ಲೂ ಅಪಾಯ ಇರಬಹುದು. ಖಾಲಿ ಬಿದ್ದ ಊರು ಪ್ರವಾಸಿಗನ ಮಟ್ಟಿಗೆ ಸುರಕ್ಷಿತವಾಗಿಯೂ ಇರಬಹುದು. ಆದ್ದರಿಂದ ಎರಡನ್ನೂ ಬಿಡಿಸಿಟ್ಟು ನೋಡಿ.

ಮೊದಲು ಜಾಗ

ಸುದ್ದಿಯಲ್ಲಿ ರಾಜ್ಯದ ಹೆಸರು ಮಾತ್ರ ಇದ್ದರೆ ಏನನ್ನೂ ತೀರ್ಮಾನಿಸಬೇಡಿ. ಅಕಾಪುಲ್ಕೊ ಮತ್ತು ಸಿಹ್ವಾತನೇಹೊ ಎರಡೂ ಗೆರೆರೊ ರಾಜ್ಯದಲ್ಲಿವೆ, ಆದರೆ ನಡುವೆ ಸುಮಾರು 240 ಕಿಲೋಮೀಟರ್ ರಸ್ತೆಯಿದೆ. ಪ್ವೆರ್ಟೊ ವಯಾರ್ತಾ ಇರುವುದು ಹಲಿಸ್ಕೊದಲ್ಲಿ. ಅಮೇಕಾ ನದಿಯ ಸೇತುವೆ ದಾಟಿದರೆ ನಯರೀತ್ ರಾಜ್ಯ. ಅಲ್ಲಿಂದ ಪೊಲೀಸರು ಬೇರೆ, ಅಂಕಿಅಂಶ ಬೇರೆ, ವಿದೇಶಿ ಸರ್ಕಾರಗಳು ಕೊಡುವ ಎಚ್ಚರಿಕೆಯ ಮಟ್ಟವೂ ಬೇರೆ ಇರಬಹುದು.

ರಾಜ್ಯದ ಕೆಳಗಿನ ಆಡಳಿತ ಘಟಕ ಮುನಿಸಿಪಿಯೊ. ಅಪರಾಧದ ಲೆಕ್ಕ ಸಿಗುವುದು ಅದರ ಹೆಸರಿನಲ್ಲಿ, ನಮಗೆ ಪರಿಚಯವಿರುವ ಊರಿನ ಹೆಸರಿನಲ್ಲಲ್ಲ. ಕ್ಯಾನ್‌ಕೂನ್ ಅಂಕಿಗಳು ಬೆನೀಟೊ ಹ್ವಾರೆಸ್ ಎಂಬ ಮುನಿಸಿಪಿಯೊದಡಿ ಇರುತ್ತವೆ. ಇದನ್ನು ಅಮೆರಿಕದ ಗಡಿಯಲ್ಲಿರುವ ಹ್ವಾರೆಸ್ ಜೊತೆ ಗೊಂದಲ ಮಾಡಿಕೊಂಡರೆ ಪೂರ್ತಿ ಬೇರೆಯೇ ಚಿತ್ರ ಸಿಗುತ್ತದೆ. ಸಾಯುಲೀಟಾದ ಲೆಕ್ಕ ಬೇಕಿದ್ದರೆ ಬಹೀಯಾ ದೆ ಬಾಂದೇರಾಸ್ ಎಂದು ಹುಡುಕಬೇಕು. ಮುನಿಸಿಪಿಯೊ ಸಿಕ್ಕ ಮೇಲೆ ಬಡಾವಣೆಯ ಹೆಸರು ಹುಡುಕಿ. ಸ್ಥಳೀಯ ಸ್ಪ್ಯಾನಿಷ್ ಪತ್ರಿಕೆಗಳು ಅದನ್ನು 'ಕೊಲೋನಿಯಾ' ಎಂದು ಬರೆಯುತ್ತವೆ. ನಕ್ಷೆಯಲ್ಲಿ ಅದಕ್ಕೂ ನೀವು ತಂಗುವ ಜಾಗಕ್ಕೂ ಇರುವ ದೂರ ಅಳೆಯಿರಿ. ವಿಮಾನ ನಿಲ್ದಾಣದ ದಾರಿ ಆ ಬಡಾವಣೆಯ ಮೂಲಕ ಹೋಗುತ್ತದೆಯೇ ಎಂದೂ ನೋಡಿ. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ.

ಸುದ್ದಿ ವಿಡಿಯೊ ರೂಪದಲ್ಲಿ ಬಂದಿದ್ದರೆ ವಾಹನಗಳ ನಂಬರ್ ಪ್ಲೇಟ್ ಗಮನಿಸಿ, ಮೆಕ್ಸಿಕೊದ ಪ್ಲೇಟುಗಳ ಮೇಲೆ ರಾಜ್ಯದ ಹೆಸರಿರುತ್ತದೆ. ಪೊಲೀಸ್ ಜೀಪಿನ ಮೈಮೇಲೆ ಸಾಮಾನ್ಯವಾಗಿ ಮುನಿಸಿಪಿಯೊದ ಹೆಸರು ಇರುತ್ತದೆ. ಹೊತ್ತಿ ಉರಿಯುವ ಬಸ್ಸಿನ ಹಳೆಯ ದೃಶ್ಯ ಹೊಸ ಊರಿನ ಹೆಸರಿನಲ್ಲಿ ಹರಿದಾಡುವುದನ್ನು ಹಿಡಿಯಲು ಇದಕ್ಕಿಂತ ಬೇಗನೆ ಆಗುವ ಪರೀಕ್ಷೆ ಇಲ್ಲ.

ಗುರಿ ಯಾರಾಗಿದ್ದರು

2021ರ ಅಕ್ಟೋಬರ್ 20ರ ರಾತ್ರಿ ಕೆರಿಬಿಯನ್ ತೀರದ ಟುಲುಮ್‌ನ ರೆಸ್ಟೋರೆಂಟ್ ಒಂದರಲ್ಲಿ ಗುಂಡು ಹಾರಿ ಇಬ್ಬರು ವಿದೇಶಿ ಮಹಿಳೆಯರು ಸತ್ತರು. ಒಬ್ಬರು ಭಾರತ ಮೂಲದವರು, ಇನ್ನೊಬ್ಬರು ಜರ್ಮನಿಯವರು. ಬೀದಿಯಲ್ಲಿ ಮಾದಕವಸ್ತು ಮಾರುವ ಎರಡು ಗುಂಪುಗಳ ಜಗಳ ಅದು ಎಂದು ಅಧಿಕಾರಿಗಳು ಹೇಳಿದರು. ಆ ಮಹಿಳೆಯರು ಯಾರ ಗುರಿಯೂ ಆಗಿರಲಿಲ್ಲ, ಆದರೂ ಜೀವ ಹೋಯಿತು. "ಸತ್ತವರೆಲ್ಲ ಗ್ಯಾಂಗಿನವರೇ, ಪ್ರವಾಸಿಗರಿಗೆ ಏನೂ ಆಗುವುದಿಲ್ಲ" ಎಂಬ ಸಮಾಧಾನದ ಮಾತನ್ನು ಪೂರ್ತಿ ನಂಬಬಾರದು ಎನ್ನುವುದು ಇದಕ್ಕೇ. ಆ ಮಾತು ಸತ್ತ ಸ್ಥಳೀಯರನ್ನು ಲೆಕ್ಕಕ್ಕೇ ಇಡುವುದಿಲ್ಲ ಎಂಬ ದೋಷವೂ ಅದಕ್ಕಿದೆ. ಅವರಲ್ಲಿ ಅಡುಗೆಯವರು, ಟ್ಯಾಕ್ಸಿಯವರು, ಸುಲಿಗೆ ಹಣ ಕೊಡದ ಅಂಗಡಿಯವರು ಇರುತ್ತಾರೆ.

ಪ್ರಾಯೋಗಿಕವಾಗಿ ಮೂರು ಬಗೆಗಳನ್ನು ಬೇರ್ಪಡಿಸಿ. ಗುಂಪುಗಳ ನಡುವಿನ ಗುಂಡಿನ ಕಾಳಗ ನಡೆಯುವುದು ಹೆಚ್ಚಾಗಿ ಮಾದಕವಸ್ತು ಮಾರಾಟವಾಗುವ ಜಾಗಗಳಲ್ಲಿ, ಅಂದರೆ ರಾತ್ರಿ ಬಾರುಗಳು, ಅವುಗಳ ಹೊರಗಿನ ಬೀದಿ, ಕ್ಲಬ್ಬುಗಳಿರುವ ತೀರ. ರಸ್ತೆ ತಡೆ ಎರಡನೆಯದು. ದೊಡ್ಡ ನಾಯಕನೊಬ್ಬ ಸಿಕ್ಕಿಬಿದ್ದಾಗ ವಾಹನಗಳನ್ನು ಕಸಿದು ಹೆದ್ದಾರಿಗೆ ಅಡ್ಡ ನಿಲ್ಲಿಸಿ ಸುಡುತ್ತಾರೆ. 2023ರ ಜನವರಿ 5ರಂದು ಸಿನಲೋವಾ ರಾಜ್ಯದ ಕುಲಿಯಾಕಾನ್‌ನಲ್ಲಿ ಮಾದಕವಸ್ತು ಗುಂಪಿನ ನಾಯಕ ಒವಿದಿಯೊ ಗುಸ್ಮಾನ್ ಬಂಧನವಾದಾಗ ಅಲ್ಲಿಂದ ಸುಮಾರು 220 ಕಿಲೋಮೀಟರ್ ದೂರದ, ಅದೇ ರಾಜ್ಯದ ಕಡಲೂರು ಮಸಾತ್ಲಾನ್‌ನ ವಿಮಾನ ನಿಲ್ದಾಣವೂ ಮುಚ್ಚಿತು. ಮೂರನೆಯದು ಪ್ರವಾಸಿಗನನ್ನೇ ಗುರಿ ಮಾಡಿದ ದರೋಡೆ ಅಥವಾ ಅಪಹರಣ. ಸುದ್ದಿಯಲ್ಲಿ ಇದು ಚಿಕ್ಕದಾಗಿ ಬರುತ್ತದೆ, ನಿಮ್ಮ ನಿರ್ಧಾರದಲ್ಲಿ ಮಾತ್ರ ಇದಕ್ಕೇ ಹೆಚ್ಚು ತೂಕ ಇರಬೇಕು.

ಕೊಲೆಗಳ ಲೆಕ್ಕ

ಮೆಕ್ಸಿಕೊದ ಸಾರ್ವಜನಿಕ ಭದ್ರತಾ ವ್ಯವಸ್ಥೆಯ ಕಾರ್ಯದರ್ಶಿ ಕಚೇರಿ ಪ್ರತಿ ತಿಂಗಳು ಅಪರಾಧದ ಅಂಕಿಗಳನ್ನು ಪ್ರಕಟಿಸುತ್ತದೆ. ಹುಡುಕಬೇಕಾದ ಸಾಲು 'ಓಮಿಸೀದಿಯೊ ದೋಲೋಸೊ', ಅಂದರೆ ಉದ್ದೇಶಪೂರ್ವಕ ಕೊಲೆ. ಮುನಿಸಿಪಿಯೊ ಮಟ್ಟದಲ್ಲಿ ಎಣಿಸುವುದು ತನಿಖಾ ಕಡತಗಳನ್ನು. ಒಂದೇ ಕಡತದಲ್ಲಿ ಮೂವರು ಸತ್ತಿರಬಹುದು. ಹಾಗಾಗಿ ಒಂದು ಪತ್ರಿಕೆಯ ಕಡತದ ಸಂಖ್ಯೆಯನ್ನು ಇನ್ನೊಂದರ ಸತ್ತವರ ಸಂಖ್ಯೆಗೆ ಹೋಲಿಸಬೇಡಿ.

ದರ ತೆಗೆಯುವುದು ಸುಲಭ: ಕೊಲೆಗಳನ್ನು ಜನಸಂಖ್ಯೆಯಿಂದ ಭಾಗಿಸಿ 1,00,000ದಿಂದ ಗುಣಿಸಿ. 20,000 ಜನರ ಊರಿನಲ್ಲಿ ವರ್ಷಕ್ಕೆ 5 ಕೊಲೆಯಾದರೆ ದರ 25. ಮರುವರ್ಷ 8 ಆದರೆ ದರ 40, ತಲೆಬರಹ "ಶೇ 60 ಏರಿಕೆ". ಹೆಚ್ಚಾಗಿದ್ದು ಮೂರು ಸಾವು. ಇಷ್ಟು ಸಣ್ಣ ಊರಿಗೆ ಒಂದು ವರ್ಷದ ಏರಿಳಿತ ಏನನ್ನೂ ಸಾಬೀತು ಮಾಡುವುದಿಲ್ಲ, ಕನಿಷ್ಠ ಐದು ವರ್ಷ ಒಟ್ಟಿಗೆ ನೋಡಿ. ಇನ್ನೊಂದು ತೊಡಕು: ಭಾಗಿಸುವ ಜನಸಂಖ್ಯೆಯಲ್ಲಿ ಪ್ರವಾಸಿಗರು ಇರುವುದೇ ಇಲ್ಲ. ಹಾಗಾಗಿ ಆ ದರವನ್ನು ಪ್ರವಾಸಿಗನ ಅಪಾಯ ಎಂದು ಓದುವಂತಿಲ್ಲ.

ಕೊಲೆ ಇಳಿದಿದೆ ಎಂದು ಅಧಿಕಾರಿಗಳು ಸಂಭ್ರಮಿಸಿದಾಗ ಕಾಣೆಯಾದವರ ದಾಖಲೆಯನ್ನೂ ತೆರೆದು ನೋಡಿ. ಮೆಕ್ಸಿಕೊದ ರಾಷ್ಟ್ರೀಯ ನೋಂದಣಿಯಲ್ಲಿ ಈ ಸಂಖ್ಯೆ 2022ರಲ್ಲೇ ಒಂದು ಲಕ್ಷ ದಾಟಿದೆ. ದೇಹ ಸಿಗದಿದ್ದರೆ ಆ ಸಾವು ಕೊಲೆಯ ಪಟ್ಟಿಗೆ ಬರುವುದಿಲ್ಲ.

ಊರಿನವರಿಗೆ ಏನನ್ನಿಸುತ್ತದೆ ಎಂಬುದಕ್ಕೆ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಇನೇಹಿ ಮೂರು ತಿಂಗಳಿಗೊಮ್ಮೆ ನಗರಗಳಲ್ಲಿ ಸಮೀಕ್ಷೆ ಮಾಡುತ್ತದೆ, 18 ವರ್ಷ ಮೀರಿದವರನ್ನು ಕೇಳುತ್ತದೆ. ಹಲವು ಸುತ್ತುಗಳಲ್ಲಿ ಪ್ವೆರ್ಟೊ ವಯಾರ್ತಾ ಭಯ ಅತಿ ಕಡಿಮೆ ಇರುವ ನಗರಗಳ ಸಾಲಿನಲ್ಲಿ ನಿಂತಿದೆ.

ಪ್ರವಾಸೋದ್ಯಮ ನಿಜಕ್ಕೂ ಕುಸಿದಿದೆಯೇ

ಮಾಧ್ಯಮ ಹೆಚ್ಚು ಎಡವುವುದು ಇಲ್ಲಿ. ಗುಂಡಿನ ಸುದ್ದಿಯ ಪಕ್ಕದಲ್ಲೇ ಇಳಿಕೆಯ ಅಂಕಿ ಇಟ್ಟರೆ ಓದುಗ ತಾನೇ ಗಂಟು ಹಾಕಿಕೊಳ್ಳುತ್ತಾನೆ. ಆ ಗಂಟು ಬಿಡಿಸಲು ಕ್ಯಾಲೆಂಡರ್ ಮೊದಲು ಬೇಕು. ಈಸ್ಟರ್ ವಾರ ಮೆಕ್ಸಿಕೊದ ಕಡಲೂರುಗಳಿಗೆ ದೊಡ್ಡ ಸುಗ್ಗಿ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ಆ ಎರಡು ವರ್ಷಗಳ ಮಾರ್ಚ್ ಹೋಲಿಸಿದರೆ ಇಳಿಕೆ ಕಂಡೇ ಕಾಣುತ್ತದೆ, ಗುಂಡಿಗೂ ಅದಕ್ಕೂ ಸಂಬಂಧವಿಲ್ಲ. ಮಾರ್ಚ್ ಮತ್ತು ಏಪ್ರಿಲ್ ಕೂಡಿಸಿ ಹೋಲಿಸಿ. 2024ರ ಫೆಬ್ರವರಿಗೆ 29 ದಿನ ಇದ್ದದ್ದೂ ಲೆಕ್ಕಕ್ಕೆ ಬರುತ್ತದೆ.

ಮುಂದೆ ವಿಮಾನ ಪ್ರಯಾಣಿಕರ ಸಂಖ್ಯೆ. ಕ್ಯಾನ್‌ಕೂನ್ ನಿಲ್ದಾಣವನ್ನು ಅಸೂರ್ ಕಂಪನಿ ನಡೆಸುತ್ತದೆ. ಪ್ವೆರ್ಟೊ ವಯಾರ್ತಾ, ಲಾಸ್ ಕಾಬೊಸ್ ಗಾಪ್ ಎಂಬ ಕಂಪನಿಯ ಕೈಯಲ್ಲಿವೆ. ಮಸಾತ್ಲಾನ್, ಅಕಾಪುಲ್ಕೊ, ಸಿಹ್ವಾತನೇಹೊ ಒಮಾ ಕಂಪನಿಯ ಕೈಯಲ್ಲಿ. ಮೂರೂ ತಿಂಗಳ ಅಂಕಿಗಳನ್ನು ಪ್ರಕಟಿಸುತ್ತವೆ. ಅಂತರರಾಷ್ಟ್ರೀಯ ಪ್ರಯಾಣಿಕರ ಸಾಲನ್ನು ಪ್ರತ್ಯೇಕವಾಗಿ ಓದಿ. 2023ರ ಡಿಸೆಂಬರ್ 1ರಂದು ಟುಲುಮ್‌ಗೆ ಸೇನೆಯ ಉಸ್ತುವಾರಿಯಲ್ಲಿ ಸ್ವಂತ ವಿಮಾನ ನಿಲ್ದಾಣ ಬಂತು. ಅದರ ಲೆಕ್ಕ ಅಸೂರ್ ಪಟ್ಟಿಯಲ್ಲಿಲ್ಲ. ಮೊದಲು ಕ್ಯಾನ್‌ಕೂನ್‌ನಲ್ಲಿ ಇಳಿಯುತ್ತಿದ್ದವರಲ್ಲಿ ಒಂದು ಪಾಲು ಈಗ ಅಲ್ಲಿ ಇಳಿಯುತ್ತಾರೆ, ಎರಡನ್ನೂ ಕೂಡಿಸದೆ "ಕ್ಯಾನ್‌ಕೂನ್ ಕುಸಿಯಿತು" ಎನ್ನುವಂತಿಲ್ಲ.

ವಿರುದ್ಧ ದಿಕ್ಕಿನ ತಪ್ಪೂ ಇದೆ. ಮಸಾತ್ಲಾನ್‌ಗೆ ಡುರಾಂಗೊ ಕಡೆಯಿಂದ 2013ರಲ್ಲಿ ತೆರೆದ ಹೆದ್ದಾರಿ ಹಿಡಿದು ಕಾರಿನಲ್ಲಿ ಬರುವ ದೇಶೀಯ ಕುಟುಂಬಗಳು ಬಹಳ. ರಸ್ತೆಗೆ ಹೆದರಿದವರು ಮೊದಲು ಕೈಬಿಡುವುದು ಆ ವಾರಾಂತ್ಯದ ಪಯಣವನ್ನೇ. 2024ರ ಸೆಪ್ಟೆಂಬರ್‌ನಲ್ಲಿ ಸಿನಲೋವಾ ಎಂಬ ಮಾದಕವಸ್ತು ಗುಂಪಿನ ಒಳಜಗಳ ಸ್ಫೋಟಿಸಿದ ಮೇಲಿನ ಪರಿಣಾಮ ನೋಡಬೇಕಿದ್ದರೆ ವಿಮಾನದ ಅಂಕಿ ಸಾಲದು, ಟೋಲ್ ದಾಟಿದ ವಾಹನಗಳ ಸಂಖ್ಯೆ ಮತ್ತು ವಾರಾಂತ್ಯದ ಕೋಣೆ ಭರ್ತಿ ಬೇಕು. ಕೋಣೆ ಭರ್ತಿಯ ಪ್ರಮಾಣ ಪ್ರವಾಸೋದ್ಯಮ ಸಚಿವಾಲಯದ ದಾತಾತೂರ್ ತಾಣದಲ್ಲಿ ಸಿಗುತ್ತದೆ. ಅಲ್ಲೂ ಒಂದು ಬಲೆ: 1,000 ಕೋಣೆಗಳಲ್ಲಿ 700 ತುಂಬಿದ್ದರೆ ಶೇ 70, ಹೊಸ ಹೋಟೆಲು ಬಂದು 1,200 ಕೋಣೆಗಳಾದಾಗ ಅದೇ 700 ತುಂಬಿದರೆ ಶೇ 58. ಒಬ್ಬ ಅತಿಥಿಯೂ ಕಡಿಮೆಯಾಗಿಲ್ಲ. ಶೇಕಡಾವಾರಿನ ಜೊತೆ ತುಂಬಿದ ಕೋಣೆಗಳ ಸಂಖ್ಯೆ ಕೇಳಿ.

ಮುಂಗಡ ಕಾಯ್ದಿರಿಸುವಿಕೆ ವಾರಗಳ, ತಿಂಗಳುಗಳ ಮೊದಲೇ ಆಗಿರುವುದರಿಂದ ಹಿಂಸೆಯ ಪರಿಣಾಮ ತಡವಾಗಿ ಕಾಣುತ್ತದೆ. ಘಟನೆಯಾದ ತಿಂಗಳು ಹೋಟೆಲು ತುಂಬಿತ್ತು ಎಂಬುದು ಸಮಾಧಾನಕ್ಕೆ ಸಾಕಾಗುವುದಿಲ್ಲ. ಬೇರೆ ಕಾರಣಗಳನ್ನೂ ಕಳೆದು ನೋಡಿ: ಕೆರಿಬಿಯನ್ ತೀರಕ್ಕೆ ಬೇಸಿಗೆಯಲ್ಲಿ ಬಂದು ಕೊಳೆಯುವ ಸಾರ್ಗಾಸೊ ಕಡಲಕಳೆ, ಪೆಸೊ ಬಲವಾಗಿ ಏರಿದ ಬೆಲೆ, ಚಂಡಮಾರುತ. ಅಕಾಪುಲ್ಕೊದ 2024ರ ಅಂಕಿಯನ್ನು ಹಿಂದಿನ ವರ್ಷಕ್ಕೆ ಹೋಲಿಸಿ ಗುಂಡಿನ ಮೇಲೆ ಹೊರೆ ಹೊರಿಸುವುದು ತಪ್ಪು. 2023ರ ಅಕ್ಟೋಬರ್ 25ರಂದು ಐದನೇ ದರ್ಜೆಯ ಓಟಿಸ್ ಚಂಡಮಾರುತ ಹೋಟೆಲುಗಳನ್ನೇ ಸೀಳಿಹಾಕಿತ್ತು.

ಎಚ್ಚರಿಕೆ ಪತ್ರ ಮತ್ತು ವಿಮೆ

ಅಮೆರಿಕದ ವಿದೇಶಾಂಗ ಇಲಾಖೆ ಮೆಕ್ಸಿಕೊವನ್ನು ರಾಜ್ಯವಾರು 1ರಿಂದ 4ರ ಮಟ್ಟದಲ್ಲಿ ಇಡುತ್ತದೆ, 4 ಎಂದರೆ ಹೋಗಲೇಬೇಡಿ ಎಂದರ್ಥ. ಮಟ್ಟಕ್ಕಿಂತ ಉಪಯುಕ್ತವಾದದ್ದು ಅದರ ಕೆಳಗೆ ತನ್ನ ನೌಕರರಿಗೆ ಹಾಕಿರುವ ನಿರ್ಬಂಧದ ಪ್ಯಾರಾ. ಯಾವ ರಸ್ತೆ, ಯಾವ ಬಡಾವಣೆ, ಹಗಲೋ ರಾತ್ರಿಯೋ ಎಂಬುದು ಅಲ್ಲಿ ಬಿಡಿಸಿ ಬರೆದಿರುತ್ತದೆ. ಕೆನಡಾ, ಬ್ರಿಟನ್ ಸಹ ತಮ್ಮ ಎಚ್ಚರಿಕೆಯಿಂದ ವಿನಾಯಿತಿ ಪಡೆದ ಊರುಗಳ ಹೆಸರು ಬರೆಯುತ್ತವೆ. ಮೂರನ್ನೂ ಓದಿ, ದಿನಾಂಕ ನೋಡಿ. ರಾಯಭಾರ ಕಚೇರಿಯ ತುರ್ತು ಪ್ರಕಟಣೆ ಬೇರೆ ವಿಷಯದ್ದೂ ಆಗಿರಬಹುದು: 2023ರ ಜನವರಿಯಲ್ಲಿ ಕ್ಯಾನ್‌ಕೂನ್‌ಗೆ ಬಂದದ್ದು ಊಬರ್ ವಿರುದ್ಧ ಟ್ಯಾಕ್ಸಿಯವರ ಗಲಾಟೆಯ ಬಗ್ಗೆ.

ಸರ್ಕಾರ ಬೇಡವೆಂದ ಜಾಗಕ್ಕೆ ಹೋದರೆ ಕೆಲವು ವಿಮೆಗಳು ಪೂರ್ತಿ ರದ್ದಾಗುತ್ತವೆ. ಭಯದಿಂದ ಪ್ರವಾಸ ಬಿಟ್ಟರೆ ಸಾಮಾನ್ಯ ವಿಮೆ ಹಣ ಕೊಡುವುದಿಲ್ಲ. ಯಾವ ಕಾರಣಕ್ಕಾದರೂ ರದ್ದು ಮಾಡಬಹುದಾದ ಹೆಚ್ಚುವರಿ ಪಾಲಿಸಿ ಸಾಮಾನ್ಯವಾಗಿ ಶೇ 50ರಿಂದ 75 ಮಾತ್ರ ಹಿಂತಿರುಗಿಸುತ್ತದೆ, ಪ್ರವಾಸದ ಮೊದಲ ಕಂತು ಕಟ್ಟಿದ ಎರಡು ಮೂರು ವಾರದೊಳಗೆ ಅದನ್ನು ಕೊಂಡಿರಬೇಕು.

ನಮ್ಮ ಅಳತೆ ಇದು: ಕಳೆದ 90 ದಿನಗಳಲ್ಲಿ ಪ್ರವಾಸಿಗರನ್ನೇ ಗುರಿ ಮಾಡಿದ ಘಟನೆ ಎರಡಕ್ಕಿಂತ ಹೆಚ್ಚು ನಡೆದಿದ್ದರೆ, ಅಥವಾ ನಿಲ್ದಾಣದ ರಸ್ತೆ 30 ದಿನಗಳೊಳಗೆ ಬಂದ್ ಆಗಿದ್ದರೆ ಮುಂದೂಡಿ. ಉಳಿದಂತೆ ಎಚ್ಚರದಿಂದ ಹೋಗಬಹುದು.

ಹೊರಟರೆ

ಹಗಲು ಇಳಿಯುವ ವಿಮಾನ ಹಿಡಿಯಿರಿ. ಊರಿಂದೂರಿಗೆ ಟೋಲ್ ರಸ್ತೆಯಲ್ಲೇ ಹೋಗಿ. ಫಲಕದಲ್ಲಿ 'ಕ್ವೋತಾ' ಎಂದಿದ್ದರೆ ಟೋಲ್, 'ಲಿಬ್ರೆ' ಎಂದಿದ್ದರೆ ಉಚಿತ ರಸ್ತೆ. ಕತ್ತಲಾದ ಮೇಲೆ ಹೆದ್ದಾರಿ ಬೇಡ. ಮಾದಕವಸ್ತು ಮಾರುವವನ ಜೊತೆ ಮಾತಿಗೇ ನಿಲ್ಲಬೇಡಿ, ಮಾರಾಟ ಕಣ್ಣಿಗೆ ಬೀಳುವ ಬಾರಿನಿಂದ ಎದ್ದು ಬನ್ನಿ. ಎರಡು ದಿನಕ್ಕಾಗುವಷ್ಟು ಪೆಸೊ ನಗದು, ಔಷಧ, ತಲೆಗೆ ಆರು ಲೀಟರ್ ಕುಡಿಯುವ ನೀರು ಕೋಣೆಯಲ್ಲಿರಲಿ. ರಸ್ತೆ ತಡೆಯಾದರೆ ನಿಲ್ದಾಣಕ್ಕೆ ಓಡಬೇಡಿ, ಜನ ಸಿಕ್ಕಿಬೀಳುವುದು ಹಾಗೆ. ಹೋಟೆಲಿನಲ್ಲೇ ಇದ್ದು ವಿಮಾನ ಸಂಸ್ಥೆಯಿಂದ ದಿನಾಂಕ ಬದಲಿಸಿ. ತುರ್ತಿಗೆ 911, ಹೆದ್ದಾರಿ ನೆರವಿಗೆ 078. ಕಳ್ಳತನವಾದರೆ ರಾಜ್ಯದ ಫಿಸ್ಕಾಲಿಯಾದಲ್ಲಿ, ಅಂದರೆ ಸರ್ಕಾರಿ ಅಭಿಯೋಜಕರ ಕಚೇರಿಯಲ್ಲಿ, ದೂರು ಬರೆಸಿ ಪ್ರತಿ ಪಡೆಯಿರಿ, ಅದಿಲ್ಲದೆ ವಿಮೆ ಹಣ ಸಿಗುವುದು ಕಷ್ಟ.

ಮುಂದೂಡುವುದೇ ನಿರ್ಧಾರವಾದರೆ ಸಣ್ಣ ತಂಗುದಾಣಕ್ಕೆ ನೇರವಾಗಿ ಬರೆದು ದಿನಾಂಕ ಬದಲಿಸಲು ಕೇಳಿ. ದೊಡ್ಡ ಹೋಟೆಲು ಖಾಲಿ ತಿಂಗಳನ್ನು ತಡೆದುಕೊಳ್ಳುತ್ತದೆ. ನಾಲ್ಕು ಕೋಣೆಯ ಮನೆಯಲ್ಲಿ ಹಾಸಿಗೆ ಹಾಸುವವಳಿಗೆ ಆ ವಾರದ ಕೂಲಿ ನಿಮ್ಮ ಮುಂಗಡದಿಂದಲೇ ಬರುತ್ತದೆ.